ಅಷ್ಟೂರಿಗೆ ಸೈಕಲ್ ಸವಾರಿ

ಬೆಂಗಳೂರಿನಿಂದ ಬೀದರಿಗೆ ಸೈಕಲ್ ಒಯ್ಯುವುದೇ? ನಿಮಗೂ ನಗು ಬರಬಹುದು. ಮಗಳು ಹಟ ಹಿಡಿದಾಗ ನಾನೂ ನಕ್ಕಿದ್ದೆ.

ಪೆಡಲ್ ಬಿಚ್ಚಿ, ಗೋಣಿಚೀಲ ಸುತ್ತಿ, ಹೆಸರು, ಊರು ಬರೆದು ರೈಲ್ವೆ ಪಾರ್ಸೆಲ್ ಕಚೇರಿಗೆ ಕೊಟ್ಟೆವು. ಅದು ನಮ್ಮ ರೈಲಿನಲ್ಲಿ ಬರಲಿಲ್ಲ; ಮಗಳು ಅತ್ತೇಬಿಟ್ಟಳು. ಮರುದಿನ ಬಂತು. ರಸೀದಿ ತೋರಿಸಿ ಬಿಡಿಸಿಕೊಂಡೆವು. ನೀವೂ ರಸೀದಿ ಜೋಪಾನವಾಗಿಡಿ.

ಅಷ್ಟೂರ ಬೀದರ್ ನಗರದ ಪೂರ್ವಕ್ಕೆ ಕೆಲವೇ ಕಿ.ಮೀ. ಮಗಳು ಸೈಕಲಿನಲ್ಲಿ ಮುಂದೆ, ನಾನು ಆಟೋದಲ್ಲಿ ಹಿಂದೆ. ದಾರಿಯಲ್ಲಿ ಹಝ್ರತ್ ಖಲೀಲುಲ್ಲಾಹ್‌ರ ಚೌಖಂಡಿ. ಮುಂದೆ ಬಹಮನಿ ಸುಲ್ತಾನರ ಗೋರಿಗಳು. 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹ್ ವಲಿಯವರ ಗುಮ್ಮಟದೊಳಗೆ ಬಣ್ಣಬಣ್ಣದ ಚಿತ್ತಾರ, ಬಂಗಾರದ ಅಕ್ಷರಗಳು. ಅವರ ಉರೂಸಿಗೆ ಹಿಂದೂಗಳೂ ಭಕ್ತಿಯಿಂದ ಬರುತ್ತಾರೆ.

ಹುಮಾಯೂನ್ ಶಾಹನ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧವೇ ಉಳಿದಿದೆ. ಅದರೆದುರು ಸೈಕಲ್ ನಿಲ್ಲಿಸಿದ ಮಗಳು, “ಬಾದಶಾಹಿ ಅಂದರೆ ಇಷ್ಟೇನಾ ಅಮ್ಮೀ?” ಎಂದಳು. ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ ಪಾಠ ಅದು. ನಾನು ಸುಮ್ಮನೆ ದುಆಕ್ಕೆ ಕೈಯೆತ್ತಿದೆ.