ಸಾಂಗೆಯ ಎರಡು ಕೊಳಗಳು

ಬಾತುಕೋಳಿ ಸಾಕಬೇಕು, ಅದಕ್ಕೊಂದು ಕೊಳ ತೋಡಬೇಕು ಎಂಬ ಆಸೆ ನಮ್ಮ ಧರ್ಮಕೇಂದ್ರದಿಂದ ಗೋವೆಯ ಸಾಂಗೆಗೆ ಹೋಗಿ ನೆಲೆಸಿದ ಕುಟುಂಬವೊಂದಕ್ಕೆ ಇತ್ತು. "ಮಾಡಿ, ಮಾಡಿ" ಎಂದು ಹುರಿದುಂಬಿಸಿದವರು ನಾವೇ. ಹಾಗಾಗಿ ಕೊಳ ಕೆಟ್ಟಿತೆಂದು ಫೋನು ಬಂದಾಗ ಸುಮ್ಮನಿರಲಾಗಲಿಲ್ಲ. ಜನವರಿಯಲ್ಲಿ ಇಬ್ಬರು ಯುವಕರೊಂದಿಗೆ ರೈಲು ಹತ್ತಿ, ಕ್ಯಾಸಲ್‌ರಾಕ್ ಘಟ್ಟ ಇಳಿದು, ದೂಧಸಾಗರವನ್ನು ಕಿಟಕಿಯಿಂದಲೇ ಕಂಡು ಸಾವರ್ಡೆಯಲ್ಲಿ ಇಳಿದೆವು. ಅಲ್ಲಿಂದ ಸಾಂಗೆಗೆ ಬಸ್ಸು.

ತೆಂಗು, ಅಡಿಕೆ, ಬಾಳೆಯ ತೋಟ ಸೊಗಸಾಗಿತ್ತು. ಕೊಳ ಮಾತ್ರ ನೋಡುವಂತಿರಲಿಲ್ಲ. ಮುರಕಲ್ಲಿನ ನೆಲದಲ್ಲಿ ಬಾವಿಯಂತೆ ನೆಟ್ಟಗೆ ಕಡಿದ ಗುಂಡಿ, ಅದಕ್ಕೆ ಮೂವತ್ತು ಬಾತುಕೋಳಿ. ಕಲ್ಲಿನ ಸಂದುಗಳಲ್ಲಿ ನೀರು ಇಂಗಿ ಮೊಣಕಾಲುದ್ದ ಉಳಿದಿತ್ತು. ಅದೂ ಹಿಕ್ಕೆ ಬೆರೆತು ಹಸಿರು ಗಂಜಿಯಾಗಿತ್ತು. ಕಡಿದಾದ ಅಂಚು ಹತ್ತಲಾರದೆ ಮರಿಗಳು ಸತ್ತಿದ್ದವು. "ಫಾದರ್, ಈ ಸಲ ಮಳೆಗಾಲದಲ್ಲಿ ಕಪ್ಪೆಯ ಸದ್ದೇ ಇರಲಿಲ್ಲ" ಎಂದರು ಮನೆಯ ಅಜ್ಜಿ. ಹೌದು, ಬಾತುಕೋಳಿ ಗೊದಮೊಟ್ಟೆಯನ್ನೂ ಬಿಡದು, ಏರೋಪ್ಲೇನ್ ಚಿಟ್ಟೆಯ ಮರಿಯನ್ನೂ ಬಿಡದು, ನೀರುಗಿಡದ ಚಿಗುರನ್ನೂ ಬಿಡದು. ಈ ಸಂಗತಿ ನಮಗೆ ಮೊದಲೇ ಹೊಳೆಯಬೇಕಿತ್ತು.

ಮರುದಿನ ಕುಡಚಡೆಯ ನಂದಾ ಕೆರೆಗೆ ಹೋದೆವು. ಸುಮಾರು 42 ಹೆಕ್ಟೇರಿನ ಈ ಜೌಗು ಕೆರೆ 2022ರಲ್ಲಿ ಗೋವೆಯ ಮೊದಲ ರಾಮ್ಸರ್ ತಾಣವಾಯಿತು. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಜೌಗುನೆಲಗಳ ರಕ್ಷಣೆಗಾಗಿ ಆದ ಒಪ್ಪಂದದಿಂದ ಬಂದ ಹೆಸರದು. ಮಳೆಗಾಲ ಕಳೆದ ಮೇಲೆ ಊರವರು ಇಲ್ಲಿ ನೀರು ಕೂಡಿಟ್ಟು ಕೆಳಗಿನ ಗದ್ದೆಗಳಿಗೆ ಬಳಸುತ್ತಾರೆ. ಶಿಳ್ಳೆಬಾತು, ದೇವನಕ್ಕಿ, ಬೆಳ್ಳಕ್ಕಿಗಳ ಬೀಡು. ನಾವು ಬಹಳ ಹೊತ್ತು ನೋಡಿದ್ದು ಅಂಚನ್ನು. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಹೇಳುವಂತಿಲ್ಲ; ನಡುವೆ ಬರೀ ಹುಲ್ಲು.

ಅಂದು ರಾತ್ರಿ ಎರಡು ಕೊಳಗಳ ತೀರ್ಮಾನವಾಯಿತು. ಮೇಲೊಂದು, ಕಪ್ಪೆ ಹಕ್ಕಿಗಳಿಗೆ: ಇಳಿಜಾರು ಅಂಚು, ತಳಕ್ಕೆ ತುಳಿದು ಗಟ್ಟಿ ಮಾಡಿದ ಜೇಡಿಮಣ್ಣು, ಬೇಸಿಗೆಗೂ ನೀರು ನಿಲ್ಲುವಂತೆ ನಡುವೆ ಮಾತ್ರ ಆಳ, ಸುತ್ತ ಬಿದಿರಿನ ಬೇಲಿ. ಅಂತರಗಂಗೆ, ತಿಲಾಪಿಯಾ ಮೀನು ಬೇಡವೇ ಬೇಡ. ಅದರ ಕೋಡಿ ನೀರು ಕೆಳಗಿನ ಬಾತುಕೋಳಿ ಕೊಳಕ್ಕೆ, ಅಲ್ಲಿನ ಗೊಬ್ಬರದ ನೀರು ತೆಂಗಿನ ಬುಡಕ್ಕೆ. ಬಾತುಕೋಳಿ ಹನ್ನೆರಡೇ ಸಾಕು ಎಂದಾಗ ಮನೆಯೊಡತಿಯ ಮುಖ ಬಾಡಿತು. ಮೊಟ್ಟೆಯ ಹಣದಲ್ಲೇ ಮಕ್ಕಳ ಶಾಲೆಯ ಶುಲ್ಕ ಕಟ್ಟುತ್ತಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಅವರೇ, "ಸಾಯುವ ಮರಿಗಳ ಲೆಕ್ಕವೂ ಇದೆಯಲ್ಲ" ಎಂದು ಒಪ್ಪಿದರು. ಹಳೆಯ ಗುಂಡಿ ಇಂಗುಗುಂಡಿಯಾಯಿತು. ಆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ!

ಸೆಪ್ಟೆಂಬರಿನಲ್ಲಿ ಮತ್ತೆ ಹೋದೆವು. ದಾರಿಯಲ್ಲಿ ಸಾಳಾವಲಿ ಅಣೆಕಟ್ಟು ತುಂಬಿ ಹರಿಯುತ್ತಿತ್ತು. (ಅದರ ಕೋಡಿಗೆ ಎಂಜಿನಿಯರುಗಳು ಇಟ್ಟ ಹೆಸರೂ ಬಾತುಕೊಕ್ಕು!) ಮೇಲಿನ ಕೊಳದಲ್ಲಿ ಹುಲ್ಲು ಎದ್ದಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಕಪ್ಪೆಗಳ ವಟವಟದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಅಜ್ಜಿ ನಗುತ್ತಾ ಕಿಟಕಿ ಮುಚ್ಚಿದರು. ಹೊರಡುವಾಗ ಹುಲ್ಲಿನಲ್ಲಿ ಸುತ್ತಿ ಕೊಟ್ಟ ಆರು ಬಾತುಮೊಟ್ಟೆಗಳಲ್ಲಿ ಐದು ಕ್ಷೇಮವಾಗಿ ಘಟ್ಟ ಹತ್ತಿದವು.