ಸನಾದಿಯ ದನಿಗೊಂದು ಹಳೆ ಸಿಪಿಯು

ಹರಪನಹಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ವಿಂಡೋಸ್ 98 ಹಾಕಿದ ಸಿಪಿಯು ಇನ್ನೂ ದುಡಿಯುತ್ತಿದೆ. ಪಕ್ಕದಲ್ಲೇ ಯಮಾಹಾ ಡಿಎಕ್ಸ್7, 1983ರಲ್ಲಿ ಮಾರುಕಟ್ಟೆಗೆ ಬಂದ ಕೀಬೋರ್ಡು. ಬಳೆಗೆ ಬಳೆ ತಾಕಿದಂಥ ಅದರ ಕಿಣಿಕಿಣಿ ನಾದಕ್ಕೆ ನಾನು ಸೋತವನು. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖರ ಹಾಡು ಕೇಳಿ ಕೀಬೋರ್ಡಿನ ಹುಚ್ಚು ಹಿಡಿಸಿಕೊಂಡ ಪೀಳಿಗೆ ನಮ್ಮದು.

ಸ್ಟ್ಯಾನ್‌ಫರ್ಡಿನಲ್ಲಿ ಜಾನ್ ಚೌನಿಂಗ್ ಕಂಡುಕೊಂಡ ಎಫ್‌ಎಂ ವಿಧಾನ ಡಿಎಕ್ಸ್7ರ ಜೀವಾಳ: ಒಂದು ಅಲೆ ಇನ್ನೊಂದನ್ನು ಅಲುಗಿಸಿ ಹೊಸ ನಾದ ಹುಟ್ಟಿಸುತ್ತದೆ. ಪ್ರತಿ ದನಿಗೂ ಇಂಥ ಅಲೆ ಹುಟ್ಟಿಸುವ ಆರು ಆಪರೇಟರು, ಅವನ್ನು ಜೋಡಿಸಲು 32 ಬಗೆ. ಇಷ್ಟನ್ನೂ ತಿದ್ದುವಾಗ ಎರಡು ಸಾಲಿನ ಪುಟ್ಟ ಪರದೆಯಲ್ಲಿ ಕಾಣುವುದು ಒಂದೊಂದೇ ಅಂಕಿ. ಕಂಪ್ಯೂಟರ್ ಬೇಕಾಗುವುದು ಇಲ್ಲೇ. ಡಾಸ್‌ನಲ್ಲಿ ಓಡುವ ಎಡಿಟರ್ ತೆರೆದರೆ ಆರೂ ಆಪರೇಟರುಗಳ ಏರಿಳಿತ ಒಟ್ಟಿಗೆ ಗೆರೆಗಳಾಗಿ ಕಣ್ಣೆದುರು ನಿಲ್ಲುತ್ತದೆ.

ಸೌಂಡ್ ಬ್ಲಾಸ್ಟರ್ ಕಾರ್ಡಿನ ಹಿಂಬದಿಯ 15 ಪಿನ್ನಿನ ಜಾಯ್‌ಸ್ಟಿಕ್ ಪೋರ್ಟೇ ಮಿಡಿಗೂ, ಅಂದರೆ ಕೀಬೋರ್ಡು ಕಂಪ್ಯೂಟರಿನೊಡನೆ ಮಾತಾಡುವ ಭಾಷೆಗೂ, ಬಾಗಿಲು. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. 32 ದನಿಗಳ ಇಡೀ ಕಟ್ಟು ದಾಟಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಈಗಿನ ಅಗ್ಗದ ಯುಎಸ್‌ಬಿ ಕೇಬಲ್‌ಗಳಲ್ಲಿ ಕೆಲವು ಇಷ್ಟುದ್ದದ ಸಂದೇಶವನ್ನು ನಡುವೆಯೇ ತುಂಡರಿಸುತ್ತವೆ. ಹಳೆಯ ಕಾರ್ಡು ಕೊನೆಯ ಬೈಟಿನವರೆಗೂ ನಿಯತ್ತಾಗಿ ಮುಟ್ಟಿಸುತ್ತದೆ. ಕಳಿಸುವ ಮುನ್ನ ಕೀಬೋರ್ಡಿನ ಮೆಮೊರಿ ಪ್ರೊಟೆಕ್ಟ್ ತೆಗೆದಿರಬೇಕು, ಅಷ್ಟೇ.

ಮೆಕ್ಕೆಜೋಳದ ರಾಶಿ ಸುರುವಾಯಿತೆಂದರೆ ಕಿಟಕಿ ಮುಚ್ಚಿದರೂ ದೂಳು ಒಳಗೆ ಬರುತ್ತದೆ. ಆಗ ಸಿಪಿಯು ಬಿಚ್ಚಿ ಬ್ಲೋವರ್ ಹಿಡಿಯುತ್ತೇನೆ. ಬೀಪ್ ಹೊಡೆದು ಸುಮ್ಮನಾದರೆ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ತಿಕ್ಕಿ ಕೂರಿಸುತ್ತೇನೆ. ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಬೆರಳಿಗೆ ಉಬ್ಬು ಸಿಕ್ಕರೆ ಅದರ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಬೋರ್ಡಿನ ಹಿಂದೆ ಕಾವಿಟ್ಟು ಸೀಸ ಕರಗಿಸಿ ಹಳೆಯದನ್ನು ಕಿತ್ತು, ಅದೇ ಅಳತೆಯ ಹೊಸದನ್ನು ಮೈನಸ್ ಗೆರೆ ತಪ್ಪದಂತೆ ಬೆಸೆದು, ಫ್ಯಾನ್ ಗುಂಯ್ ಎಂದು ತಿರುಗುವುದನ್ನು ಕೇಳುವ ಸುಖವೇ ಬೇರೆ. ಹಾರ್ಡ್‌ಡಿಸ್ಕಿನ ಜಾಗದಲ್ಲಿ ಈಗ ಕ್ಯಾಮೆರಾದ ಸಿಎಫ್ ಕಾರ್ಡಿದೆ. ಅದಕ್ಕೂ ಐಡಿಇ ಭಾಷೆ ಬರುವುದರಿಂದ ಒಂದು ಸಣ್ಣ ಅಡಾಪ್ಟರಿನಲ್ಲೇ ಕೆಲಸ ಆಗಿಹೋಯಿತು.

ಸದ್ಯ ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಒಂದು ಸನಾದಿ ದನಿ ಕಟ್ಟುತ್ತಿದ್ದೇನೆ. ಆರನೇ ಆಪರೇಟರಿನ ಫೀಡ್‌ಬ್ಯಾಕ್ ಏರಿಸುತ್ತ ಹೋದಂತೆ ನುಣುಪು ಹೋಗಿ ಪೀಪಿಯ ಒರಟು ಬರುತ್ತದೆ. “ಅಣ್ಣಾ, ಏಳಕ್ಕೇ ಹಾಕ್ರಿ, ತೇರಿನ ಗದ್ದಲ್ದಾಗ ಅದೇ ಕೇಳ್ಸೋದು” ಎನ್ನುತ್ತಾನೆ ಆರ್ಕೆಸ್ಟ್ರಾದ ಹುಡುಗ. ನನ್ನ ಕಿವಿಗೆ ಐದೇ ಹಿತ. ಎರಡನ್ನೂ ಉಳಿಸಿಟ್ಟಿದ್ದೇನೆ, ಬಯಲಿನಲ್ಲಿ ನುಡಿಸಿ ನೋಡಿ ಅವನೇ ಆರಿಸಿಕೊಳ್ಳಲಿ.