ಮರ ಸಮೇತ ಜಮೀನು

ಈಚೆಗೆ ಮಲೆನಾಡಿನಲ್ಲಿ ಜಮೀನು ಮಾರಿಸುವವರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳುತ್ತದೆ: "ಮರ ಸಮೇತ ಕೊಡ್ತಾರೆ." ಅಲ್ಲಿ ತೋಟವಿಲ್ಲ, ಮನೆಯಿಲ್ಲ, ಕರೆಂಟಿನ ಕಂಬವೂ ಹತ್ತಿರದಲ್ಲಿಲ್ಲ. ಇರುವುದು ಒಂದು ಗುಡ್ಡದ ಇಳಿಜಾರು. ಅದರ ತುಂಬ ಮತ್ತಿ, ನಂದಿ, ಹೊನ್ನೆ, ಅಲ್ಲೊಂದು ಇಲ್ಲೊಂದು ಬೀಟೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋಗಿ, ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು. ಆಮೇಲೆ ಇಂಥ ಜಾಗ ನೋಡಲು ಬರುವವರ ಕಾರುಗಳು ನಮ್ಮ ಮಣ್ಣು ರಸ್ತೆಗಳಲ್ಲೂ ಕಾಣುತ್ತಿವೆ. ಬರಲಿ. ಕಾಡನ್ನು ಕಂಡು ಆಸೆಪಡುವುದು ಒಳ್ಳೆಯ ಆಸೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗನಿಗೂ ಆ ಆಸೆ ಹುಟ್ಟಿದೆ. ಕೊಡಗಿನ ಕಡೆ ಒಂದು ಜಾಗ ನೋಡಿ ಬಂದು ಫೋನು ಮಾಡಿದ. "ದೊಡ್ಡಪ್ಪ, ಒಳಗೆ ಹೋದ್ರೆ ನೆಲಕ್ಕೆ ಬಿಸಿಲೇ ಬೀಳಲ್ಲ. ನಾಲ್ಕು ಮರ ಮಾರಿದ್ರೂ ಅರ್ಧ ದುಡ್ಡು ವಾಪಸ್ ಬರುತ್ತೆ ಅಂತಿದಾರೆ." ನಾನು ಕೇಳಿದೆ, "ಮರ ಯಾರದಪ್ಪ?" ಅವನು ತಟಕ್ಕನೆ, "ಜಾಗ ನಮ್ಮದಾದ ಮೇಲೆ ಮರಾನೂ ನಮ್ಮದೇ ಅಲ್ವಾ?" ಅಂದ.

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ನಮ್ಮ ನಾಡಿನಲ್ಲಿ ನೆಲದ ಹಕ್ಕು ಮತ್ತು ಅದರ ಮೇಲೆ ನಿಂತ ಮರದ ಹಕ್ಕು ಬಹಳ ಕಾಲ ಬೇರೆ ಬೇರೆಯಾಗಿಯೇ ಬಂದಿವೆ. ಗಂಧದ ಮರವನ್ನೇ ತೆಗೆದುಕೊಳ್ಳಿ. ಟಿಪ್ಪುವಿನ ಕಾಲದಲ್ಲಿ ಅದು ರಾಜವೃಕ್ಷವಾಯಿತು. ಅರಸರು ಹೋಗಿ ಸರ್ಕಾರ ಬಂದರೂ ಆ ಪದ್ಧತಿ ಹೋಗಲಿಲ್ಲ. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ ಆಗಿತ್ತು. 2001ರಲ್ಲಿ ಅರಣ್ಯ ಕಾಯ್ದೆ ತಿದ್ದುಪಡಿಯಾದ ಮೇಲಷ್ಟೇ ನೆಲದ ಒಡೆಯ ಗಂಧದ ಮರಕ್ಕೂ ಒಡೆಯನಾದ. ಅದಕ್ಕೆ ಮುಂಚೆ ರೈತರು ಗಂಧದ ಸಸಿ ಕಂಡರೆ ಎಳೆಯದರಲ್ಲೇ ಕಿತ್ತು ಹಾಕುತ್ತಿದ್ದರು. ಬೆಳೆದರೆ ಕಾಯುವ ಹೊಣೆ ತಮ್ಮದು, ಕಳುವಾದರೆ ವಿಚಾರಣೆ ತಮಗೆ, ಮರ ಮಾತ್ರ ಸರ್ಕಾರಕ್ಕೆ. ಹೀಗಿದ್ದರೆ ಯಾರು ತಾನೇ ಬೆಳೆಸುತ್ತಾರೆ? ಈ ಗಂಧದ ಕತೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಕೊಡಗಿಗೆ ಬರೋಣ. ಮರದ ಹಕ್ಕಿನ ವಿಚಾರದಲ್ಲಿ ಇಷ್ಟು ಬಗೆಯ ಜಮೀನು ಇನ್ನೆಲ್ಲೂ ಸಿಕ್ಕಲಿಕ್ಕಿಲ್ಲ. ಕೊಡಗನ್ನು ಆಳಿದ ಹಾಲೇರಿ ಅರಸರು ಗದ್ದೆ ಕೊಟ್ಟಾಗ ಅದರ ಜೊತೆಗೆ ಮೇಲಿನ ಕಾಡುಗುಡ್ಡವನ್ನೂ ಬಿಟ್ಟುಕೊಡುತ್ತಿದ್ದರು. ಅದೇ ಬಾಣೆ. ದನ ಮೇಯಿಸಲು, ಗದ್ದೆಗೆ ಸೊಪ್ಪು ತರಲು, ಒಲೆಗೆ ಸೌದೆ ಕಡಿಯಲು, ಮನೆಗೂ ನೇಗಿಲಿಗೂ ಬೇಕಾದ ಮರ ತರಲು ಈ ಬಾಣೆ, ಇದಕ್ಕೆ ಕಂದಾಯವಿಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಶನ್ನಿನಲ್ಲಿ ಅವರು ಬಾಣೆಯ ಈ ಉಪಯೋಗಗಳನ್ನೇ ಅದರ ಲಕ್ಷಣವಾಗಿ ಬರೆದಿಟ್ಟರು. ಸ್ವಂತ ಬಳಕೆಗೆ ಮರ ಸರಿ, ಮಾರಾಟಕ್ಕೆ ಅಲ್ಲ ಎಂಬುದು ಅಲ್ಲಿನ ತಿರುಳು. ಗದ್ದೆಯನ್ನು ನೆಚ್ಚಿದ ಬಾಣೆ, ಬಾಣೆಯನ್ನು ನೆಚ್ಚಿದ ಗದ್ದೆ. ಒಂದನ್ನು ಬಿಟ್ಟು ಒಂದಕ್ಕೆ ಬೆಲೆ ಕಟ್ಟುವ ಯೋಚನೆಯೇ ಆ ಕಾಲದ್ದಲ್ಲ.

ಆಮೇಲೆ ಬಾಣೆಗಳಿಗೆ ಕಾಫಿ ಬಂತು. ನೆರಳಿಗೆ ಹಳೆಯ ಕಾಡುಮರಗಳು ಹಾಗೇ ನಿಂತವು. ಕೊಡಗಿನ ಕಾಗದಗಳಲ್ಲಿ ಇವತ್ತಿಗೂ ಎರಡು ಮಾತುಗಳಿವೆ: ರಿಡೀಮ್ಡ್ ಮತ್ತು ಅನ್‌ರಿಡೀಮ್ಡ್. ಜಮೀನಿನ ಮೇಲಿದ್ದ ಮರಗಳ ಬೆಲೆಯನ್ನು ಹಿಂದೆ ಯಾರೋ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡಿದ್ದರೆ ಅದು ರಿಡೀಮ್ಡ್, ಮರ ಒಡೆಯನದು. ಕಟ್ಟಿರದಿದ್ದರೆ ಅನ್‌ರಿಡೀಮ್ಡ್, ನೆಲ ನಿಮ್ಮ ಹೆಸರಿಗೆ ಬಂದರೂ ಮರ ಸರ್ಕಾರದ್ದೇ. ಕಡಿಯಬೇಕಾದರೆ ಅರಣ್ಯ ಇಲಾಖೆ ಹಾಕಿದ ಬೆಲೆಯನ್ನು ಮೊದಲು ಕಟ್ಟಬೇಕು. ಬೇಲಿಯ ಈಚೆ ಒಂದು ಬಗೆ, ಆಚೆ ಇನ್ನೊಂದು ಬಗೆ ಇರಬಹುದು. ನಿಂತು ನೋಡಿದರೆ ಎರಡೂ ಕಡೆ ಅದೇ ಹೊನ್ನೆ, ಅದೇ ನಂದಿ. ವ್ಯತ್ಯಾಸವಿರುವುದು ಪಹಣಿಯಲ್ಲಿ ಮತ್ತು ತಾಲ್ಲೂಕು ಕಚೇರಿಯ ಹಳೆಯ ಕಡತದಲ್ಲಿ. ಅದಕ್ಕೇ ತಮ್ಮನ ಮಗನಿಗೆ ಹೇಳಿದೆ: ಮರಗಳ ಫೋಟೋ ಕಳಿಸಬೇಡ, ಕಾಗದದ ಫೋಟೋ ಕಳಿಸು.

ಸರ್ಕಾರವೊಂದೇ ಅಲ್ಲ, ಇನ್ನೊಬ್ಬ ಹಕ್ಕುದಾರನೂ ಇರಬಹುದು. ಮಾರುವವನು ಆರು ತಿಂಗಳ ಹಿಂದೆಯೇ ನಾಟಾ ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡು, ಮರ ಕಡಿದುಕೊಳ್ಳಲು ಕರಾರು ಬರೆದುಕೊಟ್ಟಿದ್ದರೆ? ನೀವು ಋಣಭಾರ ಪತ್ರ ತೆಗೆಸಿ, ಸ್ವಚ್ಛವಾಗಿದೆ ಎಂದು ಸಮಾಧಾನಪಡುತ್ತೀರಿ. ಆ ಕರಾರು ಅದರಲ್ಲಿ ಕಾಣದೇ ಇರಬಹುದು. ಏಕೆಂದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ 1908ರ ನೋಂದಣಿ ಕಾಯ್ದೆಯೂ ಕಡಿಯಲು ನಿಂತ ನಾಟಾ ಮರವನ್ನು ಸ್ಥಿರಾಸ್ತಿಯಿಂದ ಹೊರಗಿಟ್ಟಿವೆ. ಅದು ಚರಾಸ್ತಿ, ಅದರ ಮಾರಾಟಕ್ಕೆ ನೋಂದಣಿಯೇ ಬೇಕಿಲ್ಲ.

ಹಾಗಾದರೆ ಬೇರು ಬಿಟ್ಟು ನಿಂತ ಮರ ಯಾವಾಗ ಮರ, ಯಾವಾಗ ನಾಟಾ? 1958ರಲ್ಲಿ ಸುಪ್ರೀಂ ಕೋರ್ಟು ಶಾಂತಾಬಾಯಿ ಎಂಬವರ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ಎದುರಿಸಿತು. ಅವರ ಪತಿ ಮಧ್ಯಪ್ರಾಂತದ ಜಮೀನ್ದಾರ. 1948ರಲ್ಲಿ ನೋಂದಣಿಯಾಗದ ಪತ್ರವೊಂದನ್ನು ಬರೆದು, ತಮ್ಮ ಕಾಡುಗಳಲ್ಲಿ ಸೌದೆ, ಬಿದಿರು, ತೇಗ ಕಡಿಯುವ ಹಕ್ಕನ್ನು ಹೆಂಡತಿಗೆ ಹನ್ನೆರಡು ವರ್ಷದ ಮಟ್ಟಿಗೆ ಕೊಟ್ಟಿದ್ದರು. ಅಷ್ಟರಲ್ಲಿ ಜಮೀನ್ದಾರಿಯೇ ರದ್ದಾಗಿ ಕಾಡು ಸರ್ಕಾರದ್ದಾಯಿತು. ಕಡಿಯುವುದನ್ನು ಅಧಿಕಾರಿಗಳು ತಡೆದರು, ಆಕೆ ದೆಹಲಿಯವರೆಗೆ ಹೋದರು, ಗೆಲ್ಲಲಿಲ್ಲ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಬಿಡಿಸಿ ಹೇಳಿದ ವಿಚಾರ ನನಗೆ ಬಹಳ ಹಿಡಿಸುತ್ತದೆ. ಬೇಗನೆ ಕಡಿಯುವ ಉದ್ದೇಶದಿಂದ ಕೊಂಡ ಮರ ನಾಟಾ, ಅದು ಚರಾಸ್ತಿ. ನೆಲದ ಸಾರ ಹೀರುತ್ತ ಇನ್ನೂ ವರ್ಷಗಟ್ಟಲೆ ಬೆಳೆಯಲಿ ಎಂದು ಬಿಟ್ಟದ್ದು ನೆಲದ ಭಾಗ, ಅದು ಸ್ಥಿರಾಸ್ತಿ. ಅದರ ಹಕ್ಕಿಗೆ ನೋಂದಣಿ ಬೇಕು. ಮನುಷ್ಯನ ಉದ್ದೇಶ ನೋಡಿ ಕಾನೂನು ಮರಕ್ಕೆ ಎರಡು ಗತಿ ಕೊಟ್ಟಿತು. ಕಾಡು ಕೊಳ್ಳುವವರು ತಮ್ಮ ಉದ್ದೇಶವೇನು ಎಂದು ಕೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠ ಬೇಡ.

ನಾಟಾ ಎಂದಾಗ ಅಳತೆಯ ಮಾತೂ ಬಂತು. ಮರದ ಸುತ್ತಳತೆ ಹಿಡಿದು, ಅದರ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು ಹಳೆಯ ಲೆಕ್ಕ. 8 ಅಡಿ ಸುತ್ತಳತೆಯ, 20 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 80 ಘನ ಅಡಿ. ಶಾಲೆಯ ಗಣಿತ ಹಾಕಿದರೆ ಅದೇ ದಿಮ್ಮಿ 102 ಘನ ಅಡಿ ಸಮೀಪಕ್ಕೆ ಬರುತ್ತದೆ. ಸಿಪ್ಪೆ, ಗರಗಸಕ್ಕೆ ಹೋಗುವ ಪುಡಿ, ಅಂಚಿನ ಸೀಳು ಎಲ್ಲ ಕಳೆದು ಕೈಗೆ ಸಿಗುವುದನ್ನು ಅಂದಾಜು ಮಾಡುವ ದಾರಿ ಆ ಹಳೆಯ ಲೆಕ್ಕ. ಮಾರಿಸುವವರು ಯಾವ ಲೆಕ್ಕದಲ್ಲಿ ಹೇಳುತ್ತಿದ್ದಾರೆ ಎಂದು ಕೇಳದೆ "ಇಷ್ಟು ಘನ ಅಡಿ ಇದೆ" ಎಂಬುದನ್ನು ನಂಬಿದರೆ ಐದರಲ್ಲೊಂದು ಪಾಲು ಗಾಳಿಗೆ ದುಡ್ಡು ಕೊಟ್ಟಂತೆ. ಮೇಲೆ ಹೊಟ್ಟೆ ಟೊಳ್ಳಾದ ಮರ ಬೇರೆ ಇರುತ್ತವೆ. ಅದನ್ನು ಕೊಡಲಿಯ ಹಿಂಬದಿಯಿಂದ ತಟ್ಟಿ ಶಬ್ದದಲ್ಲೇ ಹೇಳುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅಂಥವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಕೂಲಿಯನ್ನು ಧಾರಾಳವಾಗಿ ಕೊಡಿ.

ಇನ್ನೊಂದು ತೊಡಕು ಬೇಲಿಯದು. ಪಹಣಿಯಲ್ಲಿ ಎರಡು ಎಕರೆ, ತೋರಿಸುವುದು ಹತ್ತು ಎಕರೆ. ಉಳಿದದ್ದು ಕುಮ್ಕಿ, ಕಾನು ಅಥವಾ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ ಇರುವ ಸರ್ಕಾರಿ ನೆಲ. 1964ರ ಭೂ ಕಂದಾಯ ಕಾಯ್ದೆಯ 79ನೇ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಕಾನೆ, ಬಾಣೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಹಳೆ ಮೈಸೂರಿನ ಕಾನು ಮತ್ತು ಸೊಪ್ಪಿನ ಬೆಟ್ಟ ಇವೆಲ್ಲದರ ಸವಲತ್ತು ಮುಂದುವರಿಯಲಿ ಎಂದು ಹೇಳುತ್ತದೆ. ಗಮನಿಸಿ, ಅದು ಹೇಳುವುದು ಸವಲತ್ತಿನ ಮಾತು. ಸವಲತ್ತನ್ನು ಮಾಲ್ಕಿ ಜಮೀನಿನಂತೆ ಮಾರಲು ಬರುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದಿದೆ. ಹೊರಗಿನವರಿಗೆ ಅತಿಯಾಯಿತು ಅನ್ನಿಸಬಹುದು. ಆ ಒಂದು ಎಕರೆ ತೋಟ ವರ್ಷ ವರ್ಷವೂ ತಿನ್ನುವ ಸೊಪ್ಪು, ದರಕು ಎಷ್ಟೆಂದು ಹೊತ್ತವರಿಗೆ ಗೊತ್ತು. ಬೇಸಿಗೆಯಲ್ಲಿ ದರಕು ಗುಡಿಸಿ, ಕಲ್ಲಿಯಲ್ಲಿ ತುಂಬಿ, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕಿಳಿಸುವ ಸರಪಳಿ ಆ ಬೆಟ್ಟದಿಂದಲೇ ಶುರು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡದ್ದು ಇದೇ ತಿಳಿವಳಿಕೆಯಿಂದ. ಅಲ್ಲಿ ಮರ ಕಡಿಯಲು ಬಂದವರ ಕೈಯಲ್ಲಿ ಅಧಿಕೃತ ಅನುಮತಿಯೇ ಇತ್ತು. ಹಕ್ಕುಪತ್ರ ಸರಿಯಾಗಿದೆ ಎಂದ ಮಾತ್ರಕ್ಕೆ ಕಡಿಯುವುದು ಸರಿಯಾಗುವುದಿಲ್ಲ ಎಂದು ಅಪ್ಪಿಕೋ ಚಳವಳಿ ನಾಡಿಗೆ ಹೇಳಿಕೊಟ್ಟಿತು.

ಶಾಂತಾಬಾಯಿಯವರಂತೆ ಕಾಡಿನ ವಿಚಾರಕ್ಕೆ ದೆಹಲಿಯವರೆಗೆ ಹೋದ ಇನ್ನೊಬ್ಬರನ್ನೂ ನೆನೆಯಲೇಬೇಕು. ನಿಲಂಬೂರು ಕೋವಿಲಕಂ ಮನೆತನದ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್, ನೀಲಗಿರಿಯ ಗೂಡಲೂರು ಕಡೆಯ ಕಾಡು ಕಡಿಯುತ್ತಿದ್ದುದನ್ನು ನೋಡಲಾರದೆ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರ ಆದೇಶ ಇಡೀ ದೇಶದ ಲೆಕ್ಕ ಬದಲಿಸಿತು. ಒಡೆಯ ಯಾರೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡೇ ಎಂದಿತು ಕೋರ್ಟು. ನಮ್ಮಲ್ಲಿ ಡೀಮ್ಡ್ ಫಾರೆಸ್ಟ್ ಎಂದು ಹೇಳುವುದು ಅದರ ಬೆನ್ನಿಗೆ ಹುಟ್ಟಿದ್ದು. ಕರ್ನಾಟಕದಲ್ಲಿ ಮೊದಲು 9.94 ಲಕ್ಷ ಹೆಕ್ಟೇರ್ ಈ ಪಟ್ಟಿಗೆ ಸೇರಿತ್ತು. 2022ರಲ್ಲಿ ಅದು ಸುಮಾರು 3.3 ಲಕ್ಷಕ್ಕೆ ಇಳಿಯಿತು. ನೀವು ಕೊಳ್ಳುವ ಸರ್ವೆ ನಂಬರು ಆ ಪಟ್ಟಿಯಲ್ಲಿದ್ದರೆ ಕಡಿಯುವುದಿರಲಿ, ಒಂದು ಮನೆ ಕಟ್ಟುವುದೂ ಕಷ್ಟ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಆಗದು, ಅದನ್ನೂ ನೋಡಿ. ಮರದ ಮೇಲೆ ಯಾರಿಗೂ ಕರಾರು ಕೊಟ್ಟಿಲ್ಲ ಎಂದು ಕ್ರಯಪತ್ರದಲ್ಲೇ ಬರೆಸಿಕೊಳ್ಳಿ.

ಇಷ್ಟೆಲ್ಲ ಹೇಳಿ, ನನ್ನ ಮನಸ್ಸಿನಲ್ಲಿರುವ ಮಾತನ್ನು ಈಗ ಹೇಳುತ್ತೇನೆ. ಗಂಧದ ಸಸಿ ಕಿತ್ತ ಕತೆ ಮುಗಿದಿಲ್ಲ. ಹೊನ್ನೆ, ಬೀಟೆ, ನಂದಿಗಳ ವಿಚಾರದಲ್ಲಿ ಅದು ಇನ್ನೂ ನಡೆಯುತ್ತಿದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಖಾಸಗಿ ನೆಲದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಸುಬಾಬುಲ್, ರಬ್ಬರ್ ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. ಕಾಫಿ ಬೆಳೆಗಾರ ಏನು ಮಾಡಬೇಕು? ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೆಟ್ಟರೆ ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು, ಮಗಳ ಮದುವೆಗೆ ಬೇಕೆಂದಾಗ ಕಡಿಯಬಹುದು. ತಾನಾಗಿ ಹುಟ್ಟಿದ ಹೊನ್ನೆಯನ್ನು ಐವತ್ತು ವರ್ಷ ಸಾಕಿದರೆ, ಅನ್‌ರಿಡೀಮ್ಡ್ ನೆಲವಾದರೆ, ಅದು ಅವನದಲ್ಲ. ಹೀಗಾಗಿ ಕಳೆ ತೆಗೆಯುವಾಗ ಹೊನ್ನೆಯ ಸಸಿಯೂ ಕತ್ತಿಗೆ ಸಿಕ್ಕಿ ಹೋಗುತ್ತದೆ. ಕಾಡುಮರಗಳ ನೆರಳಿನಲ್ಲಿದ್ದ ತೋಟಗಳು ಒಂದೇ ಜಾತಿಯ ಮರದ ಸಾಲುಗಳಾಗುತ್ತಿವೆ. ಬೆಳೆಗಾರನಿಗೆ ಕಾಡಿನ ಮೇಲೆ ಪ್ರೀತಿ ಕಡಿಮೆಯಾದದ್ದು ಇದಕ್ಕೆ ಕಾರಣವಲ್ಲ. ಉಳಿಸಿದವನಿಗೆ ನಷ್ಟ, ತೆಗೆದವನಿಗೆ ಲಾಭ ಎಂಬಂತೆ ನಿಯಮ ನಿಂತಿರುವುದೇ ಕಾರಣ.

ಹಕ್ಕು ಪೂರ್ತಿ ಬಿಟ್ಟುಕೊಟ್ಟರೆ ಮರುದಿನವೇ ಗರಗಸ ಬರುತ್ತದೆ ಎಂಬ ಭಯವೂ ಸುಳ್ಳಲ್ಲ. ಬಂದದ್ದನ್ನು ನಾವೇ ನೋಡಿದ್ದೇವೆ. ಆದ್ದರಿಂದ ಈಗ ನಿಂತಿರುವ ಹಿರಿಯ ಮರಗಳಿಗೆ ಅನುಮತಿಯ ಕಟ್ಟುಪಾಡು ಇರಲಿ. ಇಂದಿನಿಂದ ನೆಡುವ, ಇಂದಿನಿಂದ ಉಳಿಸಿಕೊಳ್ಳುವ ಸಸಿಗಳಿಗೆ ಬೇರೆ ದಾರಿ ಬೇಕು. ಹೊನ್ನೆಯ ಸಸಿ ನೆಟ್ಟವನು ಅರ್ಜಿ ಕೊಟ್ಟರೆ, ನೆಲ ಯಾವ ಬಗೆಯದೇ ಇರಲಿ, ಈ ಮರ ನೆಟ್ಟವನದು ಎಂದು ಪಹಣಿಯಲ್ಲೇ ಬರೆದುಕೊಡಲಿ. ಗಂಧಕ್ಕೆ 2001ರಲ್ಲಿ ಕೊಟ್ಟದ್ದನ್ನು ಉಳಿದ ನಾಡಮರಗಳಿಗೂ ಕೊಡಲು ಏನು ಅಡ್ಡಿ?

ಅದಾಗುವವರೆಗೆ ಮರ ಸಮೇತ ಜಮೀನು ಕೊಳ್ಳುವವರಲ್ಲಿ ಒಂದು ಕೇಳಿಕೆ. ಮರ ಮಾರಿ ಜಮೀನಿನ ಸಾಲ ತೀರಿಸುವ ಲೆಕ್ಕ ಹಾಕಿ ಕೊಳ್ಳಬೇಡಿ; ಆ ಲೆಕ್ಕ ಕಾಗದದಲ್ಲೂ ನಿಲ್ಲುವುದಿಲ್ಲ, ಇಳಿಜಾರಿನ ಮೇಲೂ ನಿಲ್ಲುವುದಿಲ್ಲ. ಮರ ಮಾರದೆಯೂ ಕೊಂಡ ಬೆಲೆ ನಿಮಗೆ ಹೊರೆಯಾಗದಿದ್ದರೆ ಧೈರ್ಯವಾಗಿ ಕೊಳ್ಳಿ. ಮೊದಲ ಮಳೆಗಾಲದಲ್ಲಿ ಹುಟ್ಟಿದ ಸಸಿಗಳ ಸುತ್ತ ಕಳೆ ಬಿಡಿಸಿ, ಗುರುತಿಗೆ ಕೋಲು ನೆಟ್ಟು, ಕಳೆ ತೆಗೆಯಲು ಬಂದವರಿಗೆ ಇವನ್ನು ಬಿಡಿ ಎಂದು ಹೇಳಿ. ಕಾಡಿನ ಒಡೆಯರಾಗುವ ಕೆಲಸ ಅಲ್ಲಿಂದ ಶುರುವಾಗುತ್ತದೆ.